ಬಾಡಿಗೆಯೋ, ಖರೀದಿಯೋ: ಕೊಡಗಿನ ಫೋಟೋಗ್ರಾಫರ್‌ಗಳಿಗೆ ಎಡಿಟಿಂಗ್ ಸಾಫ್ಟ್‌ವೇರ್ ಮಾರ್ಗದರ್ಶಿ

ಕೊಡಗಿನ ಸ್ಟುಡಿಯೋಗಳಿಗೆ ವರ್ಷವಿಡೀ ಒಂದೇ ಸಮನೆ ಕೆಲಸ ಇರುವುದಿಲ್ಲ. ಕಕ್ಕಡ ಬಂತೆಂದರೆ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಕೊಡವ ಮನೆಗಳಲ್ಲಿ ಮದುವೆ ನಡೆಯುವುದಿಲ್ಲ. ಅದರ ಆಚೀಚೆಯ ಮಳೆ ತಿಂಗಳುಗಳೂ ಮಂದವೇ. ಏಪ್ರಿಲ್–ಮೇ ಬಂದಾಗ, ಮತ್ತೆ ವರ್ಷದ ಕೊನೆಯ ಸುಗ್ಗಿ ಹಬ್ಬ ಪುತ್ತರಿಯ ಆಸುಪಾಸಿನಲ್ಲಿ ಕೆಲಸ ಒಟ್ಟಿಗೇ ಮೈಮೇಲೆ ಬೀಳುತ್ತದೆ. ಸಾಫ್ಟ್‌ವೇರ್ ಬಿಲ್ಲಿಗೆ ಈ ಏರಿಳಿತ ಗೊತ್ತಿಲ್ಲ. ಅದಕ್ಕೆ ಕಕ್ಕಡವೂ ಒಂದೇ, ಮೇ ತಿಂಗಳೂ ಒಂದೇ.

ಹಾಗಾಗಿ ಬಾಡಿಗೆಯಂತೆ ತಿಂಗಳು ತಿಂಗಳು ಚಂದಾ ಕಟ್ಟಿ ಬಳಸುವುದು, ಒಂದೇ ಸಲ ಕೊಳ್ಳುವುದು, ಇವೆರಡರಲ್ಲಿ ಯಾವುದು ಅಗ್ಗ ಎಂದು ಕೇಳುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ವರ್ಷದಲ್ಲಿ ಎಷ್ಟು ತಿಂಗಳು ಸಾಫ್ಟ್‌ವೇರನ್ನು ನಿಜವಾಗಿ ತೆರೆದು ಕೆಲಸ ಮಾಡುತ್ತೀರಿ? ದುಡ್ಡು ಕಟ್ಟುವುದು ನಿಲ್ಲಿಸಿದ ದಿನ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಎರಡನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ತೊಂದರೆ ಬರುವುದು ಮಾತ್ರ ಅಲ್ಲಿಂದಲೇ.

ಮೊದಲ ಹೆಜ್ಜೆ: ಹೋದ ವರ್ಷದ ಲೆಕ್ಕ ತೆಗೆಯಿರಿ

ಹಾರ್ಡ್ ಡಿಸ್ಕ್ ತೆರೆದು ಫೋಲ್ಡರ್‌ಗಳ ತಾರೀಕು ನೋಡಿ ಮೂರು ಸಂಖ್ಯೆ ಬರೆದುಕೊಳ್ಳಿ: ಎಷ್ಟು ಕಾರ್ಯಕ್ರಮ, ಒಂದಕ್ಕೆ ಸರಾಸರಿ ಎಷ್ಟು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್), ಯಾವ ಯಾವ ತಿಂಗಳಲ್ಲಿ ಎಡಿಟಿಂಗ್. ನೆನಪಿನಿಂದ ಬರೆಯಬೇಡಿ. ನೆನಪು ಯಾವಾಗಲೂ ಮೇ ತಿಂಗಳನ್ನೇ ಹೇಳುತ್ತದೆ.

ಒಂದು ಮಾದರಿ ಲೆಕ್ಕ ಇಟ್ಟುಕೊಳ್ಳೋಣ. ವರ್ಷಕ್ಕೆ 14 ಮದುವೆ, ಒಂದೊಂದಕ್ಕೆ 2,500 ರಾ ಫೈಲ್, ಫೈಲಿಗೆ ಸುಮಾರು 30 ಎಂಬಿ. ಒಂದು ಮದುವೆಗೆ 75 ಜಿಬಿ ಆಯಿತು, ವರ್ಷಕ್ಕೆ 1 ಟಿಬಿ ದಾಟಿತು. ಸಾಫ್ಟ್‌ವೇರ್ ಜೊತೆ ಕ್ಲೌಡ್ ಜಾಗ ಸಿಗುತ್ತದೆ ಎಂಬ ಜಾಹೀರಾತು ಈ ಸಂಖ್ಯೆಯ ಮುಂದೆ ಚಿಕ್ಕದಾಗುತ್ತದೆ. 20 ಎಂಬಿಪಿಎಸ್ ಅಪ್‌ಲೋಡ್ ವೇಗ ಇದ್ದರೂ 75 ಜಿಬಿ ಮೇಲೇರಲು ಎಂಟು ಗಂಟೆಗೆ ಮೇಲೆ ಬೇಕು. 5 ಎಂಬಿಪಿಎಸ್ ಆದರೆ ಮೂವತ್ತಮೂರು ಗಂಟೆ. ನಾಪೋಕ್ಲು, ಭಾಗಮಂಡಲ ಕಡೆ ಒಂದು ಮರ ಬಿದ್ದು ಲೈನ್ ಹೋದರೆ ಅದೂ ಇಲ್ಲ. ಫೋಟೋಶಾಪ್ ಮಾಡುವ ಅಡೋಬಿ ಕಂಪನಿಯ ಪ್ಲಾನ್ ತೆಗೆದುಕೊಂಡರೂ, ಮುಖ್ಯವಾಗಿ ಕ್ಲೌಡನ್ನೇ ನೆಚ್ಚಿದ ಲೈಟ್‌ರೂಮ್ ಬಿಟ್ಟು, ನಿಮ್ಮದೇ ಡಿಸ್ಕಿನ ಮೇಲೆ ಕೆಲಸ ಮಾಡುವ ಲೈಟ್‌ರೂಮ್ ಕ್ಲಾಸಿಕ್ ಹಾಕಿಕೊಳ್ಳಿ. ಹೆಸರು ಹೆಚ್ಚು ಕಡಿಮೆ ಒಂದೇ ಆದ್ದರಿಂದ ಇನ್‌ಸ್ಟಾಲ್ ಮಾಡುವಾಗ ಇಲ್ಲಿ ಎಡವುವವರು ಬಹಳ.

ಎರಡನೆಯ ಹೆಜ್ಜೆ: ಕೆಲಸ ಯಾವ ಬಗೆಯದು

ಹೋಂಸ್ಟೇ ನಡೆಸುತ್ತ ಕೋಣೆ, ತೋಟ, ತಿಂಡಿಯ ಫೋಟೋ ಹಾಕುವವರಿಗೆ ದುಡ್ಡು ಕೊಡುವ ಸಾಫ್ಟ್‌ವೇರ್ ಬೇಕಿಲ್ಲ. ಅವರಿಗೆ ತಿಂಗಳ ಚಂದಾ ಕಟ್ಟುವುದು ದಂಡವೇ. ಕ್ಯಾಮೆರಾ ಕಂಪನಿಯವರೇ ಉಚಿತವಾಗಿ ಕೊಡುವ ಪ್ರೋಗ್ರಾಂಗಳಿವೆ: ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೋ. ನಿಧಾನ, ಆದರೆ ಬಣ್ಣ ಆ ಕ್ಯಾಮೆರಾದ ಬಣ್ಣವೇ. ಅದಕ್ಕೂ ಮೇಲೆ ಬೇಕಾದರೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ. ಎರಡೂ ಪೂರ್ತಿ ಉಚಿತ, ಮುಕ್ತ ತಂತ್ರಾಂಶ.

ಹಕ್ಕಿ, ಕಾಡುಪ್ರಾಣಿ, ಕಾಫಿ ಹೂವು ಎಂದು ಹವ್ಯಾಸಕ್ಕೆ ತೆಗೆಯುವವರಿಗೆ ವಾರಕ್ಕೆ ನಲವತ್ತು ಐವತ್ತು ಫೋಟೋ ಎಡಿಟ್ ಮಾಡಿದರೆ ಹೆಚ್ಚು. ನಾಗರಹೊಳೆಯ ಮುಂಜಾವಿನ ಬೆಳಕಿನಲ್ಲಿ ಕ್ಯಾಮೆರಾದ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ, 6400 ದಾಟುವುದು ಮಾಮೂಲು, ಹಾಗಾಗಿ ಅವರಿಗೆ ಮುಖ್ಯ ಗ್ರೇನ್ (ಫೋಟೋದ ಮೇಲೆ ಕಾಣುವ ಕಾಳುಕಾಳು) ತೆಗೆಯುವ ಕೆಲಸ. ಇಲ್ಲಿ ಒಂದೇ ಸಲದ ಖರೀದಿ ಸರಿಯಾಗಿ ಹೊಂದುತ್ತದೆ. ಡಿಎಕ್ಸ್‌ಒ ಕಂಪನಿಯ ಫೋಟೋಲ್ಯಾಬ್ ಅಥವಾ ಪ್ಯೂರ್‌ರಾ ಈ ಕೆಲಸಕ್ಕೇ ಹೆಸರಾದವು, ಈಗಲೂ ಶಾಶ್ವತ ಲೈಸೆನ್ಸ್‌ನಲ್ಲಿ ಸಿಗುತ್ತವೆ. ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾ ಮತ್ತು ಲೆನ್ಸ್ ಎರಡೂ ಅವರ ಪಟ್ಟಿಯಲ್ಲಿವೆಯೇ ನೋಡಿ. ಕ್ಯಾಮೆರಾ ಪಟ್ಟಿಯಲ್ಲಿಲ್ಲದಿದ್ದರೆ ಅದರ ರಾ ಫೈಲ್ ತೆರೆಯುವುದೇ ಇಲ್ಲ.

ಮೂರನೆಯವರು ಮದುವೆಯವರು. ಅವರ ಕತೆ ಬೇರೆ, ಯಾಕೆಂದರೆ ಆಲ್ಬಂ ಇದೆ. 12×36 ಇಂಚಿನ ಒಂದು ಹಾಳೆ 300 ಡಿಪಿಐಗೆ 3,600×10,800 ಪಿಕ್ಸೆಲ್. ಲೇಯರ್ (ಒಂದರ ಮೇಲೊಂದು ಜೋಡಿಸುವ ಚಿತ್ರದ ಪದರ) ಇಲ್ಲದೆಯೇ 117 ಎಂಬಿ, ಲೇಯರ್ ಸೇರಿದರೆ ಅದರ ಎಷ್ಟೋ ಪಟ್ಟು. ಮಾರುಕಟ್ಟೆಯಲ್ಲಿ ಸಿಗುವ ಆಲ್ಬಂ ಟೆಂಪ್ಲೇಟ್‌ಗಳು ಹೆಚ್ಚಾಗಿ ಪಿಎಸ್‌ಡಿ, ಅಂದರೆ ಫೋಟೋಶಾಪಿನದೇ ಫೈಲ್ ರೂಪದಲ್ಲಿ ಬರುತ್ತವೆ. ಬೇರೆ ಪ್ರೋಗ್ರಾಂಗಳೂ ಪಿಎಸ್‌ಡಿ ತೆರೆಯುತ್ತವೆ. ಆದರೆ ಸ್ಮಾರ್ಟ್ ಆಬ್ಜೆಕ್ಟ್, ಲೇಯರ್ ಎಫೆಕ್ಟ್, ಅಕ್ಷರಗಳ ಜಾಗ ಅಲ್ಲಲ್ಲಿ ಕದಲಿರುತ್ತದೆ, ಅದನ್ನು ಹಾಳೆ ಹಾಳೆಯಾಗಿ ಸರಿಪಡಿಸುತ್ತ ಕೂರಬೇಕು. ಆಲ್ಬಂ ವಿನ್ಯಾಸ ನೀವೇ ಮಾಡುವವರಾದರೆ ಫೋಟೋಶಾಪ್ ಬಿಡುವುದು ಕಷ್ಟ. ಮೈಸೂರಿನ ಲ್ಯಾಬಿಗೋ ಹೊರಗಿನ ಡಿಸೈನರ್‌ಗೋ ಜೆಪಿಇಜಿ ಮಾತ್ರ ಕಳಿಸುವವರಾದರೆ ಬಿಡಬಹುದು. ಮದುವೆಯವರ ತೀರ್ಮಾನಕ್ಕೆ ಬೆಲೆಗಿಂತ ಮುಂಚೆ ಬರುವುದು ಇದೇ ಪ್ರಶ್ನೆ.

ಮೂರನೆಯ ಹೆಜ್ಜೆ: ಐದು ವರ್ಷಕ್ಕೆ ಕೂಡಿ ನೋಡಿ

ಕೆಳಗಿನ ಬೆಲೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಪರದೆಯ ಮೇಲೆ ಇವತ್ತು ಕಾಣುವ ಬೆಲೆಯನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಚಂದಾ ತಿಂಗಳಿಗೆ 1,000 ರೂಪಾಯಿ, ಮೇಲೆ 18% ಜಿಎಸ್‌ಟಿ: 1,180. ವರ್ಷಕ್ಕೆ 14,160, ಐದು ವರ್ಷಕ್ಕೆ 70,800.

ಖರೀದಿ 18,000. ಎರಡು ವರ್ಷಕ್ಕೊಮ್ಮೆ ಅರ್ಧ ಬೆಲೆಯ ಅಪ್‌ಗ್ರೇಡ್ ಎಂದರೆ ಐದು ವರ್ಷದಲ್ಲಿ ಎರಡು ಸಲ 9,000. ಒಟ್ಟು 36,000. ಬೆಲೆ ಡಾಲರ್ ಅಥವಾ ಯೂರೋದಲ್ಲಿದ್ದರೆ ಕಾರ್ಡಿನವರು 3.5% ವರೆಗೂ ವಿದೇಶಿ ಕರೆನ್ಸಿ ಶುಲ್ಕ ಹಾಕುತ್ತಾರೆ, ಆ ಶುಲ್ಕದ ಮೇಲೂ ಜಿಎಸ್‌ಟಿ. ಅದು ಸುಮಾರು 1,490. ಎಲ್ಲ ಸೇರಿ 37,500ರ ಆಸುಪಾಸು.

ಖರೀದಿಯೇ ಗೆದ್ದಂತೆ ಕಾಣುತ್ತದೆ. ಈಗ ಇದನ್ನೇ ಮದುವೆಗೆ ಹಂಚಿ. 14 ಮದುವೆಯ ಸ್ಟುಡಿಯೋಗೆ ಚಂದಾ ಒಂದು ಮದುವೆಗೆ ಸಾವಿರ ರೂಪಾಯಿ ಚಿಲ್ಲರೆ. ಫೋಟೋಶಾಪ್ ಇಲ್ಲದೆ ಆಲ್ಬಂ ಒಂದಕ್ಕೆ ಎರಡು ದಿನ ಹೆಚ್ಚು ಹಿಡಿದರೆ ಆ ಸಾವಿರ ಉಳಿಸಿದ್ದಕ್ಕೆ ಅರ್ಥವಿಲ್ಲ. ಅದೇ ವರ್ಷಕ್ಕೆ ಮೂರು ಮದುವೆ ಮಾಡುವವರಿಗೆ ಒಂದೊಂದರ ಮೇಲೆ 4,720 ರೂಪಾಯಿ ಬೀಳುತ್ತದೆ. ಐದು ತಿಂಗಳು ಮಾತ್ರ ಕೆಲಸ ಇರುವವರು ಬಳಸಿದ ತಿಂಗಳೊಂದಕ್ಕೆ ಕೊಡುವುದು 1,180 ಅಲ್ಲ, 2,832.

ನಮ್ಮ ಅಭಿಪ್ರಾಯ ಇಷ್ಟು: ಆಲ್ಬಂ ಸಮೇತ ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಮದುವೆ ಇದ್ದರೆ ಚಂದಾ ಕಟ್ಟಿ, ತಲೆ ಕೆಡಿಸಿಕೊಳ್ಳಬೇಡಿ. ಐದಕ್ಕಿಂತ ಕಡಿಮೆ ಇದ್ದರೆ ಚಂದಾದ ಕಡೆ ತಿರುಗಿಯೂ ನೋಡಬೇಡಿ. ನಡುವಿನವರಿಗೆ ಒಂದು ಖರೀದಿಯ ರಾ ಎಡಿಟರ್, ಜೊತೆಗೆ ಫೋಟೋಶಾಪ್ ಥರದ ಉಚಿತ ಪ್ರೋಗ್ರಾಂ ಅಫಿನಿಟಿ ಅಥವಾ ಗಿಂಪ್; ಇದು ಸಾಕಾಗುತ್ತದೆ.

ಚಂದಾದ ಬೆಲೆ ಐದು ವರ್ಷವೂ ಹಾಗೇ ಇರುತ್ತದೆಂದು ಲೆಕ್ಕ ಹಾಕಿದ್ದೇವೆ, ಇರುವುದಿಲ್ಲ. ಅಡೋಬಿ 20 ಜಿಬಿಯ ಫೋಟೋಗ್ರಫಿ ಪ್ಲಾನನ್ನು 2025ರ ಜನವರಿಯಲ್ಲಿ ಹೊಸ ಗ್ರಾಹಕರಿಗೆ ನಿಲ್ಲಿಸಿತು. ಅಮೆರಿಕದಲ್ಲಿ ಹಳೆಯ ಗ್ರಾಹಕರು ತಿಂಗಳು ತಿಂಗಳು ಕಟ್ಟುತ್ತಿದ್ದ 9.99 ಡಾಲರ್ 14.99 ಆಯಿತು. ವರ್ಷದ ಹಣ ಒಂದೇ ಸಲ ಕಟ್ಟುತ್ತಿದ್ದವರಿಗೆ ಆ ಏರಿಕೆ ತಟ್ಟಲಿಲ್ಲ. ಚಂದಾ ತೆಗೆದುಕೊಳ್ಳುವುದೇ ಆದರೆ ವರ್ಷದ್ದನ್ನು ಒಟ್ಟಿಗೆ ಕಟ್ಟುವುದು ಮೇಲು ಎನ್ನಲು ಇದೊಂದು ಕಾರಣ. ಮೇ ತಿಂಗಳ ಮದುವೆಯ ದುಡ್ಡು ಕೈಯಲ್ಲಿರುವಾಗ ಕಟ್ಟಿಬಿಟ್ಟರೆ ಮಳೆಗಾಲದಲ್ಲಿ ಆ ಚಿಂತೆಯೂ ಇಲ್ಲ.

ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋದವರು ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆ ಮೊದಲೇ ತುಂಬಿ, ಇನ್‌ವಾಯ್ಸ್‌ನಲ್ಲಿ ಅದು ಬಂದರೆ 18% ಕ್ರೆಡಿಟ್ ಪಡೆಯಬಹುದು. ವಿದೇಶಿ ಕಂಪನಿಯಿಂದ ನೇರ ಕೊಂಡರೆ ರಿವರ್ಸ್ ಚಾರ್ಜ್ (ಜಿಎಸ್‌ಟಿಯನ್ನು ಕೊಂಡವರೇ ಕಟ್ಟುವುದು) ಬರುತ್ತದೆ, ಆಡಿಟರ್ ಕಿವಿಗೆ ಹಾಕಿ. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಈ ಖರ್ಚನ್ನು ಬೇರೆಯಾಗಿ ತೋರಿಸುವ ದಾರಿ ಇಲ್ಲ.

‘ಖರೀದಿ’ ಎಂದು ಬರೆದದ್ದೆಲ್ಲ ಖರೀದಿಯಲ್ಲ

ಫೋಟೋಶಾಪನ್ನು ಒಂದೇ ಸಲ ಕೊಳ್ಳುವ ಕಾಲ 2012ರ ಸಿಎಸ್6ಗೆ ಮುಗಿಯಿತು. ಮುಂದಿನ ವರ್ಷವೇ ಅಡೋಬಿ ಚಂದಾ ಮಾತ್ರ ಎಂದು ಸಾರಿತು. ಲೈಟ್‌ರೂಮ್‌ನಲ್ಲಿ ಕೊನೆಯದು 2015ರ ಲೈಟ್‌ರೂಮ್ 6, ಅದಕ್ಕೂ 2017ರ ಕೊನೆಗೆ ಅಪ್‌ಡೇಟ್ ನಿಂತಿತು. ಅದನ್ನು ಕೊಂಡವರಿಗೆ ಏನಾಯಿತು ಎಂಬುದನ್ನು ನೋಡಿದರೆ ಶಾಶ್ವತ ಲೈಸೆನ್ಸ್ ಎಷ್ಟು ಶಾಶ್ವತ ಎಂದು ತಿಳಿಯುತ್ತದೆ. ಪ್ರೋಗ್ರಾಂ ಹಳೆಯ ಕಂಪ್ಯೂಟರಿನಲ್ಲಿ ನಡೆಯುತ್ತಲೇ ಇತ್ತು. ಆದರೆ 2018ರ ನಂತರ ಬಂದ ಕ್ಯಾಮೆರಾಗಳ ರಾ ಫೈಲ್ ಅದಕ್ಕೆ ಅರ್ಥವಾಗಲಿಲ್ಲ. ಮ್ಯಾಕ್ ಇಟ್ಟುಕೊಂಡವರು ಅದರ ಕ್ಯಾಟಲಿನಾ ಆವೃತ್ತಿಗೆ ಏರಿದಾಗ ಇನ್‌ಸ್ಟಾಲರ್‌ನ 32 ಬಿಟ್ ಭಾಗಗಳು ಕೈಕೊಟ್ಟವು. ಪ್ರೋಗ್ರಾಂ ಕೆಡುವುದಿಲ್ಲ, ಅದರ ಸುತ್ತಲಿನದು ಬದಲಾಗುತ್ತದೆ.

ಹೊಸ ಕ್ಯಾಮೆರಾ ಕೊಂಡಾಗ ಹಳೆಯ ಸಾಫ್ಟ್‌ವೇರ್ ಫೈಲ್ ತೆರೆಯದಿದ್ದರೆ ಮೊದಲು ಅದನ್ನು ಡಿಎನ್‌ಜಿ ಎಂಬ ಸಾಮಾನ್ಯ ರಾ ರೂಪಕ್ಕೆ ತಿರುಗಿಸುವ ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಹಾಕಿ ನೋಡಿ. ಅದು ಉಚಿತ, ಚಂದಾ ಬೇಕಿಲ್ಲ. ರಾ ಫೈಲನ್ನು ಡಿಎನ್‌ಜಿ ಮಾಡಿದರೆ ಲೈಟ್‌ರೂಮ್ 6ರಂಥ ಹಳೆಯ ಪ್ರೋಗ್ರಾಂಗಳು ಸಾಮಾನ್ಯವಾಗಿ ತೆರೆಯುತ್ತವೆ. ಕನ್ವರ್ಟರ್‌ನ ಪ್ರಿಫರೆನ್ಸ್‌ನಲ್ಲಿ ಹೊಂದಾಣಿಕೆಯ ಆವೃತ್ತಿಯನ್ನು ಹಿಂದಕ್ಕೆ ಇಡಬೇಕು. ಇಡದಿದ್ದರೆ ಅದೂ ತೆರೆಯುವುದಿಲ್ಲ. ಡಿಎಕ್ಸ್‌ಒ ಪ್ರೋಗ್ರಾಂಗಳಿಗೆ ಈ ಉಪಾಯ ನೆಚ್ಚಬೇಡಿ, ಅವು ಡಿಎನ್‌ಜಿಯಲ್ಲೂ ತಮ್ಮ ಪಟ್ಟಿಯ ಕ್ಯಾಮೆರಾವನ್ನೇ ಕೇಳುತ್ತವೆ.

ಇನ್ನು ಸಣ್ಣ ಅಕ್ಷರದ ಸಂಗತಿಗಳು. ಫೋಟೋಶಾಪ್ ಎಲಿಮೆಂಟ್ಸ್‌ಗೆ ಒಂದೇ ಸಲ ದುಡ್ಡು ಕೊಡುತ್ತೀರಿ, ಆದರೆ 2025ರ ಆವೃತ್ತಿಯಿಂದ ಅದು ಮೂರು ವರ್ಷದ ಲೈಸೆನ್ಸ್ ಮಾತ್ರ. ಕ್ಯಾಪ್ಚರ್ ಒನ್ ಎಂಬ ರಾ ಎಡಿಟರ್ ಶಾಶ್ವತ ಲೈಸೆನ್ಸ್‌ನಲ್ಲೂ ಸಿಗುತ್ತದೆ, ಆದರೆ 2023ರ ಫೆಬ್ರವರಿಯಿಂದ ಅದರಲ್ಲಿ ಹೊಸ ಸೌಲಭ್ಯಗಳು ಸೇರುವುದಿಲ್ಲ. ಕೊಂಡ ದಿನ ಏನಿತ್ತೋ ಅದೇ. ಅಫಿನಿಟಿಯನ್ನು 2024ರಲ್ಲಿ ಕ್ಯಾನ್ವಾ ಎಂಬ ಡಿಸೈನ್ ಕಂಪನಿ ಕೊಂಡಿತು, 2025ರ ಅಕ್ಟೋಬರ್ ಕೊನೆಗೆ ಹೊಸ ಅಫಿನಿಟಿಯನ್ನು ಉಚಿತ ಮಾಡಿತು. ಕ್ಯಾನ್ವಾ ಖಾತೆ ಬೇಕು, ಎಐ ಸೌಲಭ್ಯಗಳಿಗೆ ಅವರ ಚಂದಾ ಬೇಕು. ಇವತ್ತು ಉಚಿತ ಎಂದ ಮಾತ್ರಕ್ಕೆ ಮುಂದೆಯೂ ಇರುತ್ತದೆಂದು ನಂಬಿ ಕೂರಬೇಡಿ, ಆದರೆ ಈಗ ಬಳಸಲು ಅಡ್ಡಿಯೇನಿಲ್ಲ.

ಖರೀದಿಗೆ ಒಳ್ಳೆಯ ಸಮಯ ನವೆಂಬರ್ ಕೊನೆ. ಡಿಎಕ್ಸ್‌ಒ ಥರದ ಕಂಪನಿಗಳು ಹೊಸ ಆವೃತ್ತಿಯನ್ನು ಸಾಮಾನ್ಯವಾಗಿ ಮಳೆ ಮುಗಿಯುವ ಹೊತ್ತಿಗೆ ಬಿಟ್ಟು, ನವೆಂಬರಿನಲ್ಲಿ ರಿಯಾಯಿತಿ ಕೊಡುತ್ತವೆ. ಆಗ ಕೊಂಡು ಕಲಿತುಕೊಂಡರೆ ಮುಂದಿನ ಸೀಸನ್ನಿಗೆ ಕೈ ಹಿಡಿಯುತ್ತದೆ.

ವಾಟ್ಸಾಪ್‌ನಲ್ಲಿ ‘ಲೈಫ್‌ಟೈಮ್ ಫೋಟೋಶಾಪ್ 1,500 ರೂಪಾಯಿ’ ಎಂದು ಬರುವುದನ್ನು ಮುಟ್ಟಬೇಡಿ. ಅಡೋಬಿ ಅಂಥ ಲೈಸೆನ್ಸ್ ಮಾರುವುದೇ ಇಲ್ಲ. ಕ್ರ್ಯಾಕ್ ಮಾಡಿದ್ದೋ, ಯಾವುದೋ ಸಂಸ್ಥೆಯ ಖಾತೆಯಲ್ಲಿ ನಿಮ್ಮನ್ನು ಕದ್ದು ಸೇರಿಸಿದ್ದೋ ಆಗಿರುತ್ತದೆ. ಕ್ರ್ಯಾಕ್ ಹಾಕಲು ಆಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ. ಮದುವೆ ಮನೆಯ ಫೋಟೋ ಇರುವ ಕಂಪ್ಯೂಟರಿನಲ್ಲಿ ಆ ಕೆಲಸ ಬೇಡ.

ಚಂದಾದ ಕರಾರು: ಬಟನ್ ಒತ್ತುವ ಮೊದಲು

ಅಡೋಬಿಯ ಚಂದಾ ಕೊಳ್ಳುವಾಗ ಪರದೆಯ ಮೇಲೆ ಮೂರು ಆಯ್ಕೆ ಕಾಣಬಹುದು: ತಿಂಗಳು ತಿಂಗಳಿನದು, ವರ್ಷದ ಕರಾರು–ತಿಂಗಳ ಕಂತು, ವರ್ಷಕ್ಕೆ ಮುಂಗಡ. ಎಲ್ಲ ಪ್ಲಾನಿಗೂ ಮೂರೂ ಇರುವುದಿಲ್ಲ. ಮೊದಲೇ ಆರಿಸಿಟ್ಟಿರುವುದು ಹೆಚ್ಚಾಗಿ ನಡುವಿನದು, ಕೊಡಗಿನವರಿಗೆ ಅಪಾಯದ್ದೂ ಅದೇ. ಕಂತು ತಿಂಗಳಿನದಾದರೂ ಕರಾರು ಹನ್ನೆರಡು ತಿಂಗಳದ್ದು. ಮೇ ಮುಗಿಯಿತು, ಮಳೆಗಾಲಕ್ಕೆ ನಿಲ್ಲಿಸೋಣ ಎಂದು ಜೂನ್‌ನಲ್ಲಿ ರದ್ದು ಮಾಡಿದರೆ ಉಳಿದ ತಿಂಗಳುಗಳ ಮೊತ್ತದ ಅರ್ಧ ದಂಡ ಬೀಳುತ್ತದೆ. ಫೆಬ್ರವರಿ 1ಕ್ಕೆ ಸೇರಿ ಐದು ಕಂತು ಕಟ್ಟಿ ಜೂನ್ ಕೊನೆಗೆ ಬಿಟ್ಟರೆ, ಮೇಲಿನ ಲೆಕ್ಕದ ಬೆಲೆಯಲ್ಲಿ ಉಳಿದ ಏಳು ತಿಂಗಳ 8,260ರ ಅರ್ಧ, 4,130 ರೂಪಾಯಿ. ದಂಡವಿಲ್ಲದೆ ಪೂರ್ತಿ ಹಣ ವಾಪಸ್ ಸಿಗುವುದು ಮೊದಲ 14 ದಿನದೊಳಗೆ ಬಿಟ್ಟರೆ ಮಾತ್ರ. ಇದೇ ಶುಲ್ಕವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸುತ್ತಿಲ್ಲ ಎಂದು, ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಕಳಿಸಿದ ದೂರಿನ ಮೇಲೆ, ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು.

ಸೀಸನ್ನಿಗೆ ಮಾತ್ರ ಬೇಕಾದವರು ತಿಂಗಳು ತಿಂಗಳಿನ ಆಯ್ಕೆ ಇರುವ ಪ್ಲಾನನ್ನೇ ಹುಡುಕಬೇಕು. ತಿಂಗಳ ಬೆಲೆ ಜಾಸ್ತಿ ಇರುತ್ತದೆ, ಆದರೂ ಏಪ್ರಿಲ್, ಮೇ, ಡಿಸೆಂಬರ್ ಮೂರೇ ತಿಂಗಳು ಕಟ್ಟಿದರೆ ವರ್ಷದ ಕರಾರಿಗಿಂತ ಕಡಿಮೆಯಾಗಬಹುದು. ಗುಣಿಸಿ ನೋಡಿ.

ದುಡ್ಡು ಹೋಗುವ ದಾರಿಯಲ್ಲೂ ತೊಡಕಿದೆ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ತಂದ ನಿಯಮದಂತೆ ಪ್ರತಿ ತಿಂಗಳು ತಾನಾಗಿ ಹೋಗುವ ಕಾರ್ಡ್ ಪಾವತಿಗೆ ಮೊದಲ ಸಲ ಒಟಿಪಿ ಕೊಟ್ಟು ಇ-ಮ್ಯಾಂಡೇಟ್ (ಹಣ ತಾನಾಗಿ ಕಡಿತವಾಗಲು ನೀವು ಕೊಡುವ ಒಪ್ಪಿಗೆ) ನೋಂದಾಯಿಸಬೇಕು. ಪ್ರತಿ ಕಂತಿಗೂ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರುತ್ತದೆ, 15,000 ರೂಪಾಯಿವರೆಗೆ ಮತ್ತೆ ಒಟಿಪಿ ಕೇಳುವುದಿಲ್ಲ. ಇಲ್ಲಿ ಕೆಡುವುದು ಎರಡು ಕಡೆ. ಒಂದು, ಕಾರ್ಡ್ ಅವಧಿ ಮುಗಿದು ಹೊಸದು ಬಂದಾಗ ಹಳೆಯ ಮ್ಯಾಂಡೇಟ್ ಅದರ ಜೊತೆ ಬರದೇ ಹೋಗಬಹುದು. ಆಗ ಕಂತು ತಪ್ಪುತ್ತದೆ, ಸಾಫ್ಟ್‌ವೇರ್ ಮದುವೆಯ ವಾರದಲ್ಲೇ ನಿಲ್ಲುತ್ತದೆ. ಇನ್ನೊಂದು, ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟ್ ರದ್ದು ಮಾಡಿ ಚಂದಾ ಮುಗಿಯಿತು ಎಂದುಕೊಳ್ಳುವುದು. ಮುಗಿದಿರುವುದು ಪಾವತಿ ಮಾತ್ರ, ಕರಾರು ಹಾಗೇ ಇರುತ್ತದೆ. ಕಂಪನಿಯ ಖಾತೆಗೆ ಲಾಗಿನ್ ಆಗಿ, ಪ್ಲಾನ್ ಪುಟದಲ್ಲೇ ರದ್ದು ಮಾಡಿ, ಬಂದ ಇಮೇಲ್ ತೆಗೆದಿಡಿ.

ವಿದೇಶಿ ಕರೆನ್ಸಿಯಲ್ಲಿ ಖರೀದಿಸುವಾಗ ಕಾರ್ಡ್ ಪದೇ ಪದೇ ತಿರಸ್ಕೃತವಾದರೆ ಬ್ಯಾಲೆನ್ಸ್ ನೋಡುತ್ತ ಕೂರಬೇಡಿ. 2020ರ ಮಾರ್ಚ್‌ನಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಮತ್ತು ಆನ್‌ಲೈನ್ ವ್ಯವಹಾರ ಆಫ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿ ಇಟ್ಟು, ಕೊಂಡ ಮೇಲೆ ಮತ್ತೆ ಆಫ್ ಮಾಡಿ.

ಮಳೆಗಾಲಕ್ಕೆ ಮುಂಚಿನ ತಯಾರಿ

ಚಂದಾ ಸಾಫ್ಟ್‌ವೇರ್ ನಡೆಯಲು ಸದಾ ಇಂಟರ್ನೆಟ್ ಬೇಕಿಲ್ಲ, ಆಗಾಗ ಬೇಕು. ಅಡೋಬಿ ಪ್ರೋಗ್ರಾಂಗಳು ಸುಮಾರು ತಿಂಗಳಿಗೊಮ್ಮೆ ಲೈಸೆನ್ಸ್ ಪರಿಶೀಲಿಸುತ್ತವೆ. ನೆಟ್ ಸಿಗದಿದ್ದರೆ ವರ್ಷದ ಪ್ಲಾನಿನವರಿಗೆ 99 ದಿನ, ತಿಂಗಳಿನ ಪ್ಲಾನಿನವರಿಗೆ 30 ದಿನ ವಿನಾಯಿತಿ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ 92 ದಿನ, ವರ್ಷದ ಪ್ಲಾನಿಗೆ ಹೇಗೋ ಸಾಲುತ್ತದೆ. ಮೇ ಕೊನೆಯಲ್ಲಿ ಅಡೋಬಿಯ ಕ್ರಿಯೇಟಿವ್ ಕ್ಲೌಡ್ ಆ್ಯಪ್ ತೆರೆದು ಸೈನ್ ಇನ್ ಆಗಿದೆಯೇ ನೋಡಿ, ಫೋಟೋಶಾಪ್ ಮತ್ತು ಲೈಟ್‌ರೂಮ್ ಎರಡನ್ನೂ ಒಮ್ಮೆ ತೆರೆಯಿರಿ. ಪರಿಶೀಲನೆಗೆ ಫೋನಿನ ಹಾಟ್‌ಸ್ಪಾಟ್ ಸಾಕು. ಅಪ್‌ಡೇಟ್ ಮಾತ್ರ ಜಿಬಿಗಟ್ಟಲೆ ಇರುತ್ತದೆ, ಆಟೋ ಅಪ್‌ಡೇಟ್ ಆಫ್ ಮಾಡಿ.

ಮಳೆಗಾಲದಲ್ಲಿ ಲೈಸೆನ್ಸ್ ಕೈಕೊಡಲು ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಕಾರಣವಿದೆ. ಸಿಡಿಲಿಗೆ ಹೆದರಿ ಕಂಪ್ಯೂಟರಿನ ಪ್ಲಗ್ ತೆಗೆದು ವಾರಗಟ್ಟಲೆ ಇಡುತ್ತೇವೆ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಹಳೆಯದಾಗಿದ್ದರೆ ಅಷ್ಟರಲ್ಲಿ ಗಡಿಯಾರ ನಿಂತು, ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ತಾರೀಕು ತಪ್ಪಿದರೆ ಸೈನ್ ಇನ್ ಆಗುವುದಿಲ್ಲ, ಲೈಸೆನ್ಸ್ ಇಲ್ಲ ಎನ್ನುತ್ತದೆ. ಖರೀದಿಸಿದ ಸಾಫ್ಟ್‌ವೇರ್ ಕೂಡ ಕೆಲವೊಮ್ಮೆ ಹಾಗೆಯೇ ತಕರಾರು ತೆಗೆಯುತ್ತದೆ. ರೀಇನ್‌ಸ್ಟಾಲ್ ಮಾಡುವ ಮೊದಲು ಪರದೆಯ ಮೂಲೆಯ ತಾರೀಕು ನೋಡಿ. ಸಿಆರ್2032 ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಖರೀದಿಸಿದವರಿಗೆ ಬೇರೆ ಎಚ್ಚರಿಕೆ. ಇನ್‌ಸ್ಟಾಲರ್ ಫೈಲ್ ಮತ್ತು ಸೀರಿಯಲ್ ಸಂಖ್ಯೆಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಹಳೆಯ ಆವೃತ್ತಿಯ ಇನ್‌ಸ್ಟಾಲರ್ ಕಂಪನಿಯ ಸೈಟಿನಲ್ಲಿ ಸದಾ ಇರುವುದಿಲ್ಲ. ಲೈಸೆನ್ಸ್ ಇಂತಿಷ್ಟೇ ಕಂಪ್ಯೂಟರಿಗೆ ಎಂದಿರುತ್ತದೆ. ವಿಂಡೋಸ್ ಫಾರ್ಮ್ಯಾಟ್ ಮಾಡಿಸುವ ಮೊದಲು ಪ್ರೋಗ್ರಾಂ ಒಳಗಿಂದಲೇ ಡಿಆಕ್ಟಿವೇಟ್ ಮಾಡಿ. ಮಾಡದೆ ಫಾರ್ಮ್ಯಾಟ್ ಮಾಡಿಸಿದರೆ ಒಂದು ಎಣಿಕೆ ಹಾಳಾದಂತೆ, ಆಮೇಲೆ ಸಪೋರ್ಟ್‌ಗೆ ಇಮೇಲ್ ಬರೆದು ಕಾಯಬೇಕು. ಅಡೋಬಿ ಚಂದಾದಲ್ಲಿ ಎರಡು ಕಂಪ್ಯೂಟರಿಗೆ ಹಾಕಬಹುದು, ಏಕಕಾಲಕ್ಕೆ ಒಂದರಲ್ಲೇ ಬಳಸಬೇಕು. ಅಂಗಡಿಯಲ್ಲೊಂದು ಮನೆಯಲ್ಲೊಂದು ಇರುವವರಿಗೆ ಅಷ್ಟು ಸಾಕು.

ಎಐ ಸೌಲಭ್ಯಗಳಲ್ಲಿ ಯಾವುದು ನೆಟ್ ಇಲ್ಲದೆ ನಡೆಯುತ್ತದೆ ಎಂಬುದೂ ಗೊತ್ತಿರಲಿ. ಗ್ರೇನ್ ತೆಗೆಯುವ ಲೈಟ್‌ರೂಮಿನ ಡಿನಾಯ್ಸ್, ಡಿಎಕ್ಸ್‌ಒದ ಡೀಪ್‌ಪ್ರೈಮ್ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತವೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಫೋಟೋಗೆ ಕೆಲವು ಸೆಕೆಂಡು, ಇಲ್ಲದಿದ್ದರೆ ಹಲವು ನಿಮಿಷ. ಜನರೇಟಿವ್ ಎಂದು ಹೆಸರಿರುವವು ಫೋಟೋದ ಭಾಗವನ್ನು ಕಂಪನಿಯ ಸರ್ವರಿಗೆ ಕಳಿಸುತ್ತವೆ. ಹಿನ್ನೆಲೆಯ ಕರೆಂಟ್ ಕಂಬ ಅಳಿಸಲು ಅದನ್ನೇ ನಂಬಿದರೆ ನೆಟ್ ಹೋದ ದಿನ ಕಂಬ ಅಲ್ಲೇ ಇರುತ್ತದೆ. ಕೈಯಿಂದ ಅಳಿಸುವ ಹಳೆಯ ಸಾಧನ ಕ್ಲೋನ್ ಸ್ಟಾಂಪ್ ಮರೆಯಬೇಡಿ.

ಟ್ರಯಲ್ ಹಾಕಿ ಪರೀಕ್ಷಿಸುವುದು ಹೇಗೆ

ಕಂಪನಿಯ ಮಾದರಿ ಫೋಟೋ ಮೇಲೆ ಎಲ್ಲ ಸಾಫ್ಟ್‌ವೇರೂ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಡಿಸ್ಕಿನಿಂದಲೇ ಇಪ್ಪತ್ತು ರಾ ಫೈಲ್ ಆರಿಸಿ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಇವು ಇರಲೇಬೇಕು:

ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಕುಪ್ಯ (ಕೊಡವ ಗಂಡಸರ ಉದ್ದನೆಯ ಅಂಗಿ) ತೊಟ್ಟ ಮದುಮಗ. ಹೈಲೈಟ್ ಇಳಿಸಿದಾಗ ಬಟ್ಟೆಯ ನೇಯ್ಗೆ, ಮಡಿಕೆ ವಾಪಸ್ ಬರಬೇಕು. ಬೂದಿ ಬಣ್ಣ ಬಳಿದಂತೆ ಚಪ್ಪಟೆಯಾದರೆ ಆ ಸಾಫ್ಟ್‌ವೇರ್ ನಿಮ್ಮ ಕ್ಯಾಮೆರಾಗೆ ಹೊಂದುತ್ತಿಲ್ಲ.

ಕೊಡವ ಸಮಾಜದ ಸಭಾಂಗಣದ ಎಲ್‌ಇಡಿ ಬೆಳಕಿನಲ್ಲಿ ಮದುಮಗಳ ಕೆಂಪು ರೇಷ್ಮೆ ಸೀರೆ. ಕೆಂಪು ಚಾನಲ್ ಒಂದೇ ತುಂಬಿ ಹರಿಯುವುದರಿಂದ ಜರಿಯ ಪಕ್ಕದ ನೆರಿಗೆ ಮಾಯವಾಗಿ ಸೀರೆ ಒಂದೇ ತುಂಡಿನಂತೆ ಕಾಣುತ್ತದೆ. ಎಕ್ಸ್‌ಪೋಶರ್ ಇಳಿಸದೆ, ಕೆಂಪಿನ ಲ್ಯೂಮಿನನ್ಸ್ ಮತ್ತು ಸ್ಯಾಚುರೇಶನ್ ಮಾತ್ರ ಹತ್ತು ಹದಿನೈದು ಇಳಿಸಿ ನೆರಿಗೆ ಬರುತ್ತದೆಯೇ ನೋಡಿ. ಸಾಫ್ಟ್‌ವೇರ್‌ಗಳ ನಡುವಿನ ಅಂತರ ಅತಿ ಹೆಚ್ಚು ಕಾಣುವುದು ಈ ಒಂದು ಫೋಟೋದಲ್ಲಿ.

ರಾತ್ರಿ ಗಂಗಾಪೂಜೆಯ ಹೊತ್ತಿನ ವಾಲಗದ ಕುಣಿತ, ಐಎಸ್‌ಒ 6400. ಗ್ರೇನ್ ತೆಗೆದ ಮೇಲೆ ಅಜ್ಜಿಯರ ಮುಖದ ಸುಕ್ಕು ಉಳಿಯಬೇಕು, ಮೇಣದ ಮುಖ ಬೇಡ.

ಮಾಂದಲ್‌ಪಟ್ಟಿ ಬೆಟ್ಟದ ಮಂಜು. ಮಂಜು ತಗ್ಗಿಸುವ ಡೀಹೇಜ್ ಎಳೆದಾಗ ಆಕಾಶ ನೀಲಿಗೆ ತಿರುಗಿ ಬೆಟ್ಟದ ಅಂಚಲ್ಲಿ ಬಿಳಿ ಗೆರೆ ಮೂಡುತ್ತದೆಯೇ? ಮಾಸ್ಕ್ ಹಾಕಿ ಕೆಳಗಿನ ಅರ್ಧಕ್ಕೆ ಮಾತ್ರ ಕೊಡುವುದು ಎಷ್ಟು ಸುಲಭ?

ಕೊನೆಗೆ ಕನ್ನಡ. ಯೂನಿಕೋಡ್ ಫಾಂಟಿನಲ್ಲಿ ‘ಶ್ರೀ’, ‘ಮುಹೂರ್ತ’, ‘ವಿರಾಜಪೇಟೆ’, ‘ಸ್ವಾಗತ’ ಟೈಪ್ ಮಾಡಿ. ಒತ್ತು ಬಿಡಿಯಾಗಿ ನಿಂತರೆ, ಅರ್ಕಾವತ್ತು ತಪ್ಪು ಜಾಗಕ್ಕೆ ಹೋದರೆ ಆ ಪ್ರೋಗ್ರಾಂನಲ್ಲಿ ಆಲ್ಬಂ ಮುಖಪುಟ ಮಾಡಲಾಗದು. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಹೀಗಾದರೆ ಪ್ರಿಫರೆನ್ಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ, ಹೊಸ ಫೈಲ್ ತೆರೆದು ನೋಡಿ, ಸರಿಯಾಗುತ್ತದೆ. ಗಿಂಪ್‌ನಲ್ಲಿ ಒತ್ತಕ್ಷರ ತಾನಾಗಿ ಕೂಡುತ್ತದೆ.

ಅಡೋಬಿಯ ಟ್ರಯಲ್ 7 ದಿನ. ಕಾರ್ಡ್ ಕೊಟ್ಟೇ ಶುರುವಾಗುವುದರಿಂದ ಎಂಟನೆಯ ದಿನ ತಾನಾಗಿ ಚಂದಾ ಆಗುತ್ತದೆ. ಐದನೆಯ ದಿನಕ್ಕೆ ಫೋನಿನಲ್ಲಿ ಅಲಾರಂ ಇಡಿ.

ಬಿಟ್ಟು ಹೊರಡುವ ದಾರಿ

ಇದನ್ನು ಸೇರುವ ದಿನವೇ ಮಾಡಿಟ್ಟುಕೊಳ್ಳಬೇಕು, ಬಿಡುವ ದಿನ ಅಲ್ಲ. ಚಂದಾ ನಿಂತರೆ ಲೈಟ್‌ರೂಮ್ ಕ್ಲಾಸಿಕ್ ಪೂರ್ತಿ ಬಾಗಿಲು ಹಾಕುವುದಿಲ್ಲ. ಕ್ಯಾಟಲಾಗ್ (ಫೋಟೋಗಳ ಪಟ್ಟಿ ಮತ್ತು ಎಡಿಟ್‌ಗಳ ದಾಖಲೆ) ತೆರೆಯುತ್ತದೆ, ಫೋಟೋ ಹುಡುಕಬಹುದು, ಹಿಂದೆ ಮಾಡಿದ ಎಡಿಟ್ ಸಮೇತ ಎಕ್ಸ್‌ಪೋರ್ಟ್ ಮಾಡಬಹುದು. ಎಡಿಟ್ ಮಾಡುವ ಡೆವಲಪ್ ಮತ್ತು ಜಾಗ ತೋರಿಸುವ ಮ್ಯಾಪ್ ಮಾತ್ರ ಬಂದ್. ಫೋಟೋಶಾಪ್ ತೆರೆಯುವುದಿಲ್ಲ, ಪಿಎಸ್‌ಡಿಗಳು ನಿಮ್ಮ ಡಿಸ್ಕಿನಲ್ಲೇ ಇರುತ್ತವೆ, ಅವನ್ನು ಅಫಿನಿಟಿಯಲ್ಲೋ ಗಿಂಪ್‌ನಲ್ಲೋ ತೆರೆಯಬಹುದು.

ಲೈಟ್‌ರೂಮ್ ಕ್ಲಾಸಿಕ್‌ನ ಕ್ಯಾಟಲಾಗ್ ಸೆಟಿಂಗ್ಸ್‌ನ ಮೆಟಾಡೇಟಾ ವಿಭಾಗದಲ್ಲಿ ಬದಲಾವಣೆಗಳನ್ನು ತಾನಾಗಿ ಎಕ್ಸ್‌ಎಂಪಿಗೆ (ಎಡಿಟ್ ವಿವರ ಇರುವ ಪಕ್ಕದ ಫೈಲ್) ಬರೆಯುವ ಆಯ್ಕೆಗೆ ಟಿಕ್ ಹಾಕಿ. ಹಳೆಯ ಫೋಲ್ಡರ್‌ಗಳಿಗೆ ಎಲ್ಲ ಫೋಟೋ ಆರಿಸಿ ಕಂಟ್ರೋಲ್ ಮತ್ತು ಎಸ್ ಒತ್ತಿ. ಪ್ರತಿ ರಾ ಫೈಲಿನ ಪಕ್ಕ ಒಂದು ಪುಟ್ಟ ಎಕ್ಸ್‌ಎಂಪಿ ಫೈಲ್ ಬರುತ್ತದೆ. ಸ್ಟಾರ್, ಕೀವರ್ಡ್, ಶೀರ್ಷಿಕೆಗಳನ್ನು ಬೇರೆ ಪ್ರೋಗ್ರಾಂಗಳೂ ಓದುತ್ತವೆ. ಬಣ್ಣ, ಮಾಸ್ಕ್‌ಗಳ ಎಡಿಟ್ ಮಾತ್ರ ಅಡೋಬಿಗೇ ಅರ್ಥ, ಡಾರ್ಕ್‌ಟೇಬಲ್ ಅದರಲ್ಲಿ ಅಲ್ಪಸ್ವಲ್ಪ ತೆಗೆದುಕೊಂಡೀತು ಅಷ್ಟೇ. ಕಲೆಕ್ಷನ್ ಮತ್ತು ವರ್ಚುವಲ್ ಕಾಪಿಗಳು ಎಕ್ಸ್‌ಎಂಪಿಯಲ್ಲಿ ಇರುವುದಿಲ್ಲ. ಡಾರ್ಕ್‌ಟೇಬಲ್ ತನ್ನ ಎಕ್ಸ್‌ಎಂಪಿಗೆ ರಾ ಫೈಲಿನ ಪೂರ್ತಿ ಹೆಸರನ್ನು ಸೇರಿಸುವುದರಿಂದ ಎರಡೂ ಒಂದೇ ಫೋಲ್ಡರಿನಲ್ಲಿ ಜಗಳವಿಲ್ಲದೆ ಇರುತ್ತವೆ. ಹೆಸರು ಬೇರೆ ಕಂಡು ಒಂದನ್ನು ಅಳಿಸಬೇಡಿ.

ಎಡಿಟ್ ನಿಜವಾಗಿ ಉಳಿಯುವುದು ಎಕ್ಸ್‌ಪೋರ್ಟ್ ಆದ ಚಿತ್ರದಲ್ಲಿ. 24 ಮೆಗಾಪಿಕ್ಸೆಲ್ ಫೋಟೋವನ್ನು 16 ಬಿಟ್ ಟಿಫ್ ಮಾಡಿದರೆ 144 ಎಂಬಿ. 2,500 ಫೋಟೋಗೆ 360 ಜಿಬಿ, ಅದು ಆಗದ ಮಾತು. ಆಲ್ಬಂಗೆ ಆರಿಸಿದ ನೂರೈವತ್ತನ್ನು ಟಿಫ್ ಮಾಡಿ, ಸುಮಾರು 22 ಜಿಬಿ. ಉಳಿದವು ಪೂರ್ತಿ ಅಳತೆಯ ಜೆಪಿಇಜಿ, ಗುಣಮಟ್ಟ 90, ಬಣ್ಣ ಎಸ್‌ಆರ್‌ಜಿಬಿ. ರಾ, ಎಕ್ಸ್‌ಎಂಪಿ, ಟಿಫ್, ಜೆಪಿಇಜಿ ಮತ್ತು ಕ್ಯಾಟಲಾಗ್ ಫೈಲ್ ಐದೂ ಒಂದೇ ಮದುವೆಯ ಫೋಲ್ಡರಿನಲ್ಲಿರಲಿ, ಎರಡು ಡಿಸ್ಕಿನಲ್ಲಿರಲಿ, ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ. ಮಳೆಗಾಲದಲ್ಲಿ ಲೆನ್ಸ್ ಇಡುವ ಗಾಳಿಯಾಡದ ಡಬ್ಬದಲ್ಲೇ ಸಿಲಿಕಾ ಜೆಲ್ ಜೊತೆ ಡಿಸ್ಕನ್ನೂ ಇಡಿ. ತಿಂಗಳಿಗೊಮ್ಮೆ ಹೊರತೆಗೆದು, ಕೋಣೆಯ ಬಿಸಿಗೆ ಹೊಂದಲು ಅರ್ಧ ಗಂಟೆ ಬಿಟ್ಟು ಕಂಪ್ಯೂಟರಿಗೆ ಚುಚ್ಚಿ, ನಾಲ್ಕೈದು ಫೈಲ್ ತೆರೆದು ನೋಡಿ.